ಬಕೆಟ್ಟಿನಲ್ಲಿ ವಿಶೇಷ

ಅನಾನಸ್ ಹಣ್ಣಿನ ಜುಟ್ಟು ನೆಟ್ಟರೆ ಮತ್ತೆ ಹಣ್ಣು ಬರುತ್ತದೆ ಅಂತ ನನಗೆ ಮೊದಲು ಹೇಳಿದವರು ನಮ್ಮತ್ತೆ. ಆ ಜುಟ್ಟು ಜಗಳೂರಿನ ನಮ್ಮ ಮನೆಗೆ ಹೊರಟ ದಿನದಿಂದ ಒಂದಲ್ಲ ಒಂದು ನಡೆಯುತ್ತಲೇ ಬಂದಿದೆ.

ಬಸ್ಸು

ನ್ಯಾಮತಿಯ ನೆಂಟರ ಮನೆಯಲ್ಲಿ ಹಣ್ಣು ತಿಂದ ಅತ್ತೆ, ಜುಟ್ಟನ್ನು ಮಡಿಲಲ್ಲಿಟ್ಟುಕೊಂಡು ಬಸ್ಸು ಹತ್ತಿದರು. ಎಲೆಯ ತುದಿ ಕಂಡಕ್ಟರನ ಮೊಣಕೈಗೆ ಚುಚ್ಚಿತು.

"ಏನಜ್ಜೀ ಇದು?"

"ಅನಾನಸ್."

"ಹಣ್ಣೆಲ್ಲೈತೆ?"

"ಇನ್ನ ಬರ್ಬೇಕು."

"ಬಂದ್ರೆ ಲಗೇಜ್ ಟಿಕೆಟ್ ಮಾಡಿಸ್ಬೇಕಾಗ್ತೈತೆ."

"ಮಾಡಿಸ್ತೀನಿ ಬಿಡಪ್ಪ. ಅಷ್ಟೊತ್ತಿಗೆ ನಿಂಗೆ ಪೆನ್ಶನ್ ಬರ್ತಿರ್ತೈತೆ."

ಬಕೆಟ್ಟು

ಹಿತ್ತಿಲಿನ ಒಡಕು ಬಕೆಟ್ಟಿನಲ್ಲಿ ಜುಟ್ಟು ಬೇರು ಬಿಟ್ಟಿತು. ಒಂದು ಕುರಿ ನುಗ್ಗಿ ಬಾಯಿ ಹಾಕಿ, ಅತ್ತೆಯನ್ನೇ ದುರುಗುಟ್ಟಿ ನೋಡಿ ಹೋಯಿತು.

ಮೊದಲ ಹಣ್ಣು ಹೊನ್ನಾಳಿಗೆ ಕೊಟ್ಟ ಮಗಳಿಗೆ ಅಂತ ಅತ್ತೆಯ ತೀರ್ಮಾನ. ಚಿಕ್ಕಂದಿನಲ್ಲಿ ನನ್ನ ಈ ನಾದಿನಿ ನಾಲಿಗೆ ಉರಿದರೂ ಬಿಡದೆ ತಿನ್ನುತ್ತಿದ್ದಳಂತೆ. ಮದುವೆಯಾಗಿ ವರ್ಷಗಳಾದರೂ ಮಕ್ಕಳಿರಲಿಲ್ಲ. ಅವಳು ತವರಿಗೆ ಬಂದಾಗಲೆಲ್ಲ ಪಕ್ಕದ ಮನೆಯಾಕೆ ಕಾಂಪೌಂಡ್ ಮೇಲಿಂದ ಕತ್ತು ಚಾಚುವರು.

"ಏನಾದ್ರೂ ವಿಶೇಷ ಐತೇನ್ರೀ?"

ಮಗಳ ಮುಖ ಬಾಡುವ ಮೊದಲೇ ಅತ್ತೆ ಬಕೆಟ್ಟು ತೋರಿಸುವರು. "ಐತ್ರೀ. ಹೊಸ ಎಲೆ ಬಿಟ್ಟೈತೆ, ಬರ್ರಿ ನೋಡಾಕೆ."

ಎಲೆ ನೋಡಿ ನೋಡಿ ಆಕೆ ಕೇಳುವುದನ್ನೇ ಬಿಟ್ಟರು.

ಹಣ್ಣು

ಕೊನೆಗೂ ಬಂತು, ತೆಂಗಿನಕಾಯಿಯಷ್ಟೂ ಇಲ್ಲ. ಹಳದಿಯಾಗುತ್ತಲೇ ಹೊನ್ನಾಳಿಗೆ ಫೋನು ಹೋಯಿತು, ಮಗಳು ಬಂದಳು. ಅತ್ತೆ ಹೋಳುಗಳಿಗೆ ಉಪ್ಪು, ಖಾರದಪುಡಿ ಸವರಿ ಮುಂದಿಟ್ಟರು. ನಾದಿನಿ ತಟ್ಟೆ ಸರಿಸಿದಳು.

"ಬ್ಯಾಡವ್ವ."

"ನಿಂಗಂತ ಬೆಳೆಸಿದ್ದು ಕಣೇ!"

"ಬ್ಯಾಡ ಅಂದ್ನಲ್ಲ."

"ಹುಳಿ ಇರ್ತೈತಂತ ಹೆದರ್ತೀಯೇನು? ತಿಂದಾದ್ರೂ ನೋಡು."

"ಈಗ ತಿನ್ನಬಾರದಂತೆ."

ನಮ್ಮ ಕಡೆ ಬಸುರಿಯರಿಗೆ ಯಾರೂ ಅನಾನಸ್ ಕೊಡುವುದಿಲ್ಲ. ಅತ್ತೆ ಬಾಯಿ ತೆರೆಯುವಷ್ಟರಲ್ಲಿ ಕಾಂಪೌಂಡ್ ಆಚೆಯಿಂದ ದನಿ ಬಂತು: "ಎಷ್ಟು ತಿಂಗಳ್ರೀ?"

ಅತ್ತೆ ಖಾರದ ಕೈಯಲ್ಲೇ ಕಣ್ಣೊರೆಸಿಕೊಂಡರು. ಆಮೇಲೆ ಎಷ್ಟು ಅತ್ತರೂ ಖಾರದ ಮೇಲೆ ಹಾಕಬಹುದಿತ್ತು. ಮುಖ ತೊಳೆದು ಬಂದವರೇ ಹೊಸ ಜುಟ್ಟು ತಗೊಂಡು ಬಕೆಟ್ಟಿನ ಕಡೆ ನಡೆದರು. "ಇದು ಹುಟ್ಟಾ ಮಗೀಗೆ. ಹಲ್ಲು ಬರಾ ಹೊತ್ತಿಗೆ ಹಣ್ಣಾಗ್ತೈತೆ."

ಉಳಿದ ಹೋಳುಗಳನ್ನೆಲ್ಲ ನಾನು ಕಾಂಪೌಂಡ್ ಪಕ್ಕದಲ್ಲೇ ನಿಂತು, ಪಕ್ಕದ ಮನೆಯಾಕೆಗೆ ಚೆನ್ನಾಗಿ ಕಾಣುವ ಹಾಗೆ ತಿಂದೆ. ನಲವತ್ತೈದರಲ್ಲಿ ನನ್ನ ಮೇಲೆ ಯಾರಿಗೂ ಅನುಮಾನ ಬೇಡ.

ನೀವೂ ಇದನ್ನು ನಾಲ್ಕು ಮನೆಗೆ ಹೇಳಿ, ಜುಟ್ಟು ಬಿಸಾಡುವವರ ಮನೆಗೆ ಮೊದಲು. ವಿಶೇಷ ಏನು ಅಂತ ಕೇಳುವವರಿಗೆ ತೋರಿಸಲಿಕ್ಕೆ ಒಂದು ಬಕೆಟ್ಟಾದರೂ ಇರಲಿ.