ನನ್ನ ಹತ್ತನೇ ಕ್ಲಾಸಿನ ಅಲೆಗಳು

ಹಲಸೂರಿನ ಒಂದು ಕನ್ನಡ ಮೀಡಿಯಂ ಹೈಸ್ಕೂಲಲ್ಲಿ ಇಪ್ಪತ್ತು ವರ್ಷ ಫಿಸಿಕ್ಸ್ ಹೇಳಿಕೊಟ್ಟವಳು ನಾನು. ನಗು ಬರಿಸೋ ಸಬ್ಜೆಕ್ಟ್ ಅಲ್ಲ ಅದು. ಆದರೆ ಮಕ್ಕಳು ಬಿಡಬೇಕಲ್ಲ! ತೊಂಬತ್ತರ ದಶಕದ ಒಂದು ವರ್ಷ ಹೆಡ್‌ಮಿಸ್ಟ್ರೆಸ್ ಕರೆದು ಕಡ್ಡಿ ಮುರಿದ ಹಾಗೆ ಹೇಳಿದ್ರು: "ಇನ್‌ಸ್ಪೆಕ್ಟರ್ ಬರ್ತಾರೆ. ಈ ಸಲಾನೂ ನಿಮ್ಮ ಹತ್ತನೇ ಕ್ಲಾಸ್ ಬಾಯಿ ಬಿಡದಿದ್ರೆ ಫಿಸಿಕ್ಸ್ ಬೇರೆಯವರಿಗೆ, ನಿಮಗೆ ಹೊಲಿಗೆ ಕ್ಲಾಸ್." ನನಗೆ ಸೂಜಿಗೆ ದಾರ ಪೋಣಿಸೋಕೂ ಬರಲ್ಲ ರೀ!

೧. ಟೀ ಗ್ಲಾಸು

ಮೊದಲು ವಕ್ರೀಭವನ. ಬೆಳಕು ಗಾಜಿನಿಂದ ಗಾಳಿಗೆ ಬರುವಾಗ ದಿಕ್ಕು ಬದಲಿಸುತ್ತೆ, ಅದಕ್ಕೇ ವಸ್ತು ಇದ್ದ ಹಾಗೆ ಕಾಣಲ್ಲ ಅಂದೆ. ಮೂರನೇ ದಿನ ಜೋಗುಪಾಳ್ಯದ ಟೀ ಅಂಗಡಿಯವರು ಬಂದು ನಿಂತ್ರು. ಅವರ ಮಗಳು ನನ್ನ ಕ್ಲಾಸಲ್ಲೇ ಇದ್ದಳು.

"ಏನ್ ಹೇಳ್ಕೊಟ್ರಿ ಟೀಚರಮ್ಮ? ಗಿರಾಕಿಗಳ ಮುಂದೆ ಗ್ಲಾಸ್ ಎತ್ತಿ ಹಿಡಿದು, 'ಅಂಕಲ್, ಗಾಜು ದಪ್ಪ, ಟೀ ಕಮ್ಮಿ. ಜಾಸ್ತಿ ಕಾಣೋದು ವಕ್ರೀಭವನದಿಂದ' ಅಂತಾಳೆ!"

"ಸರಿಯಾಗೇ ಹೇಳಿದ್ದಾಳಲ್ಲ!" ಅಂದೆ, ಖುಷಿ ತಡೀಲಾರದೆ.

"ಸರಿಯಾಗಿ ಹೇಳಿದ್ದೇ ತಾಪತ್ರಯ ಆಗಿರೋದು!"

೨. ಬಸ್ ಬಾಗಿಲು

ಆಮೇಲೆ ವಿವರ್ತನೆ, ಅಂದ್ರೆ ಅಲೆ ಅಂಚಲ್ಲಿ ಬಾಗಿ ಹರಡೋದು. ಟಬ್ಬಿನ ನೀರಲ್ಲಿ ಎರಡು ಇಟ್ಟಿಗೆ ಇಟ್ಟು, ನಡುವೆ ಸಂದಿ ಬಿಟ್ಟು ಅಲೆ ಎಬ್ಬಿಸಿದೆ. ಸಂದಿ ದಾಟಿದ ಅಲೆ ಬೀಸಣಿಗೆ ಹಾಗೆ ಹರಡಿತು.

ಹಿಂದಿನ ಬೆಂಚಿನ ಒಬ್ಬಳು, "ಟೀಚರ್, ಶಿವಾಜಿನಗರದಲ್ಲಿ ಬಸ್ ಇಳಿದ ಜನಾನೂ ಹಿಂಗೇ ಹರಡ್ಕೋತಾರೆ" ಅಂದಳು.

"ಭೇಷ್! ಹತ್ತುವಾಗ?"

"ಹತ್ತುವಾಗ ಫಿಸಿಕ್ಸ್ ನಡೆಯಲ್ಲ ಟೀಚರ್."

೩. ಇನ್‌ಸ್ಪೆಕ್ಟರ್

ಬಂದೇ ಬಿಟ್ರು. "ನೀವಿದ್ರೆ ಮಕ್ಕಳು ಹೆದರ್ತಾರೆ" ಅಂತ ಹೆಡ್‌ಮಿಸ್ಟ್ರೆಸ್ ಅವರನ್ನ ಆಫೀಸಿಗೆ ಕಳಿಸಿ ಕೇಳಿದ್ರು: "ಬಾಗಿಲ ಆಚೆ ಪಕ್ಕಕ್ಕೆ ನಿಂತವರ ಮಾತು ಕೇಳುತ್ತೆ, ಮುಖ ಕಾಣಲ್ಲ. ಯಾಕೆ?"

ಟೀ ಅಂಗಡಿ ಹುಡುಗಿ ಎದ್ದಳು.

"ಸಾರ್, ಶಬ್ದದ ಅಲೆ ಉದ್ದ, ಬಾಗಿಲು ದಾಟಿ ಬಾಗುತ್ತೆ. ಬೆಳಕಿನ ಅಲೆ ತೀರಾ ಚಿಕ್ಕದು, ಅಷ್ಟು ಬಾಗಲ್ಲ."

"ಶಭಾಷ್! ಟೀಚರ್, ಫಿಸಿಕ್ಸ್ ನೀವೇ ಹೇಳ್ಕೊಡಿ, ನಾನು ರಿಪೋರ್ಟಲ್ಲಿ ಬರೆದು ಹೋಗ್ತೀನಿ" ಅಂದ್ರು ಇನ್‌ಸ್ಪೆಕ್ಟರ್. ಹೆಮ್ಮೆಯಿಂದ ನನಗೆ ಕಣ್ತುಂಬಿ ಬಂತು. ಹುಡುಗಿ ಮಾತ್ರ ಕೂರಲಿಲ್ಲ.

"ಉದಾಹರಣೇನೂ ಇದೆ ಸಾರ್. ಹೆಡ್ ಮೇಡಂ ಆಚೆ ನಿಂತಿದ್ದಾರೆ. ನಮಗೆ ಕಾಣಲ್ಲ, ಬಳೆ ಸದ್ದು ಕೇಳುತ್ತೆ. ನಮ್ಮ ಮಾತೆಲ್ಲ ಅವರಿಗೆ ಕೇಳ್ತಿದೆ."

"ಇಲ್ಲಮ್ಮ, ಅವರು ಆಫೀಸಲ್ಲಿದ್ದಾರೆ."

ಬಾಗಿಲ ಆಚೆಯಿಂದ ದನಿ ಬಂತು: "ಹೌದು ಸಾರ್, ನಾನು ಆಫೀಸಲ್ಲೇ ಇದ್ದೀನಿ!"