ಇಲ್ಲದ ಕೋಣೆಯನ್ನು ಹದಿನೈದು ನಿಮಿಷ ಇದೆ ಎಂದು ಭಾವಿಸುವ ಕುರಿತು

ಇಂದ,
ಮನೆ ಸಂಖ್ಯೆ ಹಿಂ.3ರ ಅಜ್ಜಿಯ ಮೊಮ್ಮಗಳು,
ಎರಡನೇ ಮಹಡಿ (ಕಳೆದ ಸೋಮವಾರದಿಂದ)

ಗೆ,
ಮಾನ್ಯ ಕಾರ್ಯದರ್ಶಿಗಳು,
ನಿವಾಸಿಗಳ ಸಂಘ, ಕೆಳಮಹಡಿ

ವಿಷಯ: ಮೆಟ್ಟಿಲಿನ ಎದುರಿನ ಇಲ್ಲದ ಕೋಣೆಯನ್ನು ಹದಿನೈದು ನಿಮಿಷಗಳ ಮಟ್ಟಿಗೆ ಇದೆ ಎಂದು ಭಾವಿಸಿ, ಅದರ ಬೀಗದ ಕೈ ದಯಪಾಲಿಸುವ ಬಗ್ಗೆ.

ಉಲ್ಲೇಖ: 1) ನಿನ್ನೆ ಬೆಳಿಗ್ಗೆ ನಾನು ಮಾಡಿದ ಮೌಖಿಕ ಮನವಿ. 2) ತಾವು ಹಲ್ಲುಜ್ಜುತ್ತಲೇ ಮಾಡಿದ ಮೌಖಿಕ ತಿರಸ್ಕಾರ.

ಮಾನ್ಯರೇ,

ಒಂದಾನೊಂದು ಕಾಲದಲ್ಲಿ ಒಂದೇ ಬೀದಿಯ ಒಂದು ಊರಿತ್ತು. ಬೀದಿ ಎಷ್ಟು ಕಿರಿದೆಂದರೆ, ಮಾತು ಬಿಟ್ಟವರೂ ಎದುರಾದರೆ ಅಪ್ಪಿಕೊಂಡೇ ದಾಟಬೇಕು. ಅಲ್ಲಿಯ ರಾಜ, “ಒಂದೇ ಕೆಲಸವನ್ನು ಎರಡು ಸಲ ಮಾಡಿ ನನ್ನ ಗಾಡಿಯ ಮುಖ ಹಿಂದಾಗಿಸಿದವರಿಗೆ ಅರ್ಧ ರಾಜ್ಯ” ಎಂದು ಡಂಗುರ ಸಾರಿಸಿದ.

ಅರ್ಜಿಯಲ್ಲಿ ಕಥೆ ಹೇಳಬಾರದೆಂದು ನಾನು ಬಲ್ಲೆ. ಆದರೆ ಸದರಿ ಕಥೆಯು ಕೆಳಕಂಡ ನಮ್ಮ ಬೀರುವಿಗೆ ಸಂಬಂಧಿಸಿದ್ದಾದ ಕಾರಣ ಅದನ್ನು ಕಡತದಲ್ಲಿ ಉಳಿಸಿಕೊಳ್ಳಬೇಕಾಗಿ ಕೋರಿದೆ. ನಾನು ಆರು ವರ್ಷದವಳಿದ್ದಾಗಿನಿಂದ ಅಜ್ಜಿ ಇದನ್ನು ಹೇಳುತ್ತಾ ಬಂದಿದ್ದು, ಪ್ರತಿ ಸಲವೂ ಡಂಗುರದ ಹತ್ತಿರ ನಿದ್ದೆ ಹೋಗುತ್ತಾಳೆ. ಒಮ್ಮೆ ಅಲುಗಿಸಿ ಕೇಳಿದ್ದಕ್ಕೆ, “ನಂಗೂ ಗೊತ್ತಿಲ್ಲ ಕಣೆ, ನಮ್ಮಜ್ಜಿನೂ ಅಲ್ಲಿಗೇ ಮಲಗಿಬಿಡ್ತಿದ್ಲು. ಓದಿದವಳು ನೀನು, ನೀನೇ ಮುಗಿಸು” ಎಂದಳು. ಮುಗಿಸುತ್ತೇನೆಂದು ಮಾತು ಕೊಟ್ಟಿದ್ದೇನೆ.

1. ನಾನು ಮೋಟಾರು ರಿಪೇರಿ ಕಾರ್ಖಾನೆಯಲ್ಲಿ ಚೀಟಿ ಅಂಟಿಸುವ ಮೇಜಿನಲ್ಲಿದ್ದೇನೆ. ಸಂಜೆ ಕಾಲೇಜಿನ ಗಣಿತ ಪಾಸಾದರೆ ಮೋಟಾರು ಪರೀಕ್ಷಿಸುವ ಮೇಜಿಗೆ ಹಾಕುವುದಾಗಿ ಮೇಸ್ತ್ರಿ ಹೇಳಿದ್ದಾರೆ. ಎರಡು ಸಲ ಫೇಲಾಗಿದ್ದೇನೆ. ಮೂರನೆಯದೇ ಕೊನೆಯದು. ಅದು ನಾಳೆ ಬೆಳಿಗ್ಗೆ ಹತ್ತಕ್ಕೆ.

2. ಎರಡು ಸಲವೂ ಕೈಕೊಟ್ಟದ್ದು ಒಂದೇ ಪ್ರಶ್ನೆ: ಮೈನಸ್ ಒಂದರ ವರ್ಗಮೂಲ. ಅಂದರೆ, ಯಾವ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ ಮೈನಸ್ ಒಂದು ಬರುತ್ತದೆ? ಪ್ಲಸ್ಸನ್ನು ಪ್ಲಸ್ಸಿನಿಂದ ಗುಣಿಸಿದರೆ ಪ್ಲಸ್. ಮೈನಸ್ಸನ್ನು ಮೈನಸ್ಸಿನಿಂದ ಗುಣಿಸಿದರೂ ಪ್ಲಸ್. ಆದ್ದರಿಂದ “ಅಂಥ ಸಂಖ್ಯೆ ಇಲ್ಲ” ಎಂದು ಬರೆದು ಅಡಿಗೆರೆ ಎಳೆದೆ. ಲೆಕ್ಕದ ಮೇಷ್ಟ್ರು ಸೊನ್ನೆ ಕೊಟ್ಟರು.

“ಸಂಖ್ಯೆಗಳ ಗೆರೆ ಮೇಲೆ ಇಲ್ಲ ಅಂತ ನಮಗೂ ಗೊತ್ತಮ್ಮ. ಅದಕ್ಕೇ ಕಾಲ್ಪನಿಕ ಸಂಖ್ಯೆ ಅನ್ನೋದು. ಇದೆ ಅಂದ್ಕೊಂಡು ಮುಂದೆ ನಡಿ.”

“ಇಲ್ಲದ್ದನ್ನ ಇದೆ ಅಂದ್ಕೊಂಡ್ರೆ ಕಾರ್ಖಾನೇಲಿ ಮನೆಗೆ ಕಳಿಸ್ತಾರೆ ಸಾರ್.”

“ನಿಮ್ಮ ಮೋಟಾರಿನ ಲೆಕ್ಕವೇ ಅದರ ಮೇಲೆ ನಡೆಯೋದು, ಹೋಗಮ್ಮ!”

3. ಕಳೆದ ಸೋಮವಾರ ಈ ಮನೆಗೆ ಬಂದಾಗ ನಮ್ಮ ಬೀರುವನ್ನು ಕೂಲಿಯವರು ಹಗ್ಗ ಕಟ್ಟಿ ಕಾರಿಡಾರಿನ ಕಿಟಕಿಯಿಂದ ಒಳತಂದು ಹೊರಟುಹೋದರು. ನನ್ನ ಸೋದರಮಾವ ಅದನ್ನು ಹಾಗೇ ನೇರ ನೂಕಿ ಮನೆಯ ಗೋಡೆಗೆ ಒರಗಿಸಿದ. ಬಾಗಿಲು ಗೋಡೆಗೆ, ಬೆನ್ನು ನಮಗೆ. “ಇರ್ಲಿ ಬಿಡೆ, ಹಿಂದಿನಿಂದಾನೂ ಲಕ್ಷಣವಾಗೇ ಇದೆ” ಎಂದು ಬೆವರು ಒರೆಸಿಕೊಂಡ. ಒಳಗೆ ನನ್ನ ಹಾಲ್ ಟಿಕೆಟ್ ಮತ್ತು ಅಜ್ಜಿಯ ಕನ್ನಡಕ ಇರುತ್ತವೆ; ಎರಡನ್ನೂ ಭದ್ರವಾಗಿರಲೆಂದು ಇಟ್ಟವಳು ಅಜ್ಜಿಯೇ. ಕನ್ನಡಕವಿಲ್ಲದ ಕಾರಣ ಆಕೆ ಬೀರುವಿನ ಬೆನ್ನನ್ನೇ ಮಾವನೆಂದು ತಿಳಿದು ದಿನವೂ ಬೈಯುತ್ತಿದ್ದಾಳೆ.

4. ಮನೆಯೊಳಗೆ ತಿರುಗಿಸೋಣವೆಂದರೆ ಸಿಮೆಂಟಿನ ಮಂಚ ಅಡ್ಡ. ಕಾರಿಡಾರಿನಲ್ಲಿ ತಿರುಗಿಸೋಣವೆಂದರೆ ಬೀರು ನಾಲ್ಕಡಿ, ಕಾರಿಡಾರು ಮೂರಡಿ. ಮೆಟ್ಟಿಲಿನ ಬಲಕ್ಕೆ ಮನೆ 1, 2, 3; ಎಡಕ್ಕೆ, ಹಿಂದಕ್ಕೆ ಎಣಿಸುತ್ತಾ, ಹಿಂ.1, ಹಿಂ.2, ಹಿಂ.3. ಈ ಒಂದೇ ಗೆರೆಯ ಮೇಲೆ ಮಾವ ಅದನ್ನು ನೂಕಿದ್ದೂ ಆಯಿತು, ಎಳೆದದ್ದೂ ಆಯಿತು. ಮುಖ ಬದಲಾಗಲಿಲ್ಲ. ಮನೆ 2ರ ಹೆಂಗಸೊಬ್ಬರು ಬಾಗಿಲಲ್ಲಿ ನಿಂತು, “ಏನಪ್ಪಾ, ಬೀರೂನ ವಾಕಿಂಗಿಗೆ ಕರ್ಕೊಂಡು ಹೊರಟ್ಯಾ?” ಎಂದರು.

5. ನಿನ್ನೆ ಮೆಟ್ಟಿಲ ಬಳಿ ದಮ್ಮು ತೆಗೆದುಕೊಳ್ಳುವಾಗ ಎದುರಿಗೆ ನಂಬರಿಲ್ಲದ ಬಾಗಿಲೊಂದು ಕಂಡಿತು. ಬೀರುವಿನ ಮೂತಿಯನ್ನು ಎಡಕ್ಕೆ ಕಾಲು ಸುತ್ತು ತಿರುಗಿಸಿ ಅದರೊಳಗೆ ತೂರಿಸಿದರೆ? ಹಿಂದೆಗೆಯುವಾಗ ಮತ್ತೆ ಎಡಕ್ಕೇ ಕಾಲು ಸುತ್ತು ತಿರುಗಿಸಿದರೆ? ಒಂದೇ ಕೆಲಸ, ಎರಡು ಸಲ. ಮುಖ ಹಿಂದಕ್ಕೆ! ಮೈನಸ್ ಒಂದು! ನಾನು ಅಲ್ಲೇ ಕೂಗಿದೆ.

“ಮಾವಾ, ಎರಡು ವರ್ಷದಿಂದ ನಾನು ಕಾರಿಡಾರಲ್ಲೇ ಹುಡುಕ್ತಿದ್ದೆ! ಅದು ಪಕ್ಕದಲ್ಲಿದೆ!”

“ಏನು?”

“ಒಂದು ಸಂಖ್ಯೆ.”

“ಮೊದ್ಲು ಇದನ್ನ ಎತ್ತೆ ಮಾರಾಯ್ತಿ, ನನ್ನ ಹೆಬ್ಬೆರಳ ಮೇಲಿದೆ.”

6. ಸದರಿ ಬಾಗಿಲಿನ ಕುರಿತು ತಾವು, “ಅಲ್ಲಿ ಕೋಣೆಯೇ ಇಲ್ಲಮ್ಮ. ನಕ್ಷೇಲಿ ಗೋಡೆ ಇದೆ ನೋಡು. ಇಲ್ಲದ ಕೋಣೆಗೆ ಬೀಗದ ಕೈ ಎಲ್ಲಿಂದ ತರ್ಲಿ?” ಎಂದಿರಿ. ಮೊನ್ನೆಯವರೆಗೆ ನಾನೂ ಹಾಗೇ ಅನ್ನುತ್ತಿದ್ದವಳಾದ್ದರಿಂದ ನನಗೆ ಬೇಸರವಿಲ್ಲ. ಆದರೆ ದಿನವೂ ಮಧ್ಯಾಹ್ನ ಎರಡರಿಂದ ಮೂರರವರೆಗೆ ಸದರಿ ಗೋಡೆಯು ಗೊರಕೆ ಹೊಡೆಯುತ್ತದೆ. ಅಜ್ಜಿಯ ಕಣ್ಣು ಮಂಜಾಗಿದ್ದರೂ ಕಿವಿ ಚುರುಕಾಗಿದೆ. ಇದು ದೂರಲ್ಲ. ಗೊರಕೆಯನ್ನೂ ಕಾಲ್ಪನಿಕವೆಂದು ಪರಿಗಣಿಸಲು ನಾವು ಸಿದ್ಧರಿದ್ದೇವೆ.

7. ತಮ್ಮ ನಕ್ಷೆಗೂ ಧಕ್ಕೆಯಿಲ್ಲ. ಬೀರು ಹೋಗುವುದು ಕಾರಿಡಾರಿನಿಂದ, ಮರಳುವುದು ಕಾರಿಡಾರಿಗೆ. ಕೊನೆಯ ಉತ್ತರದಲ್ಲಿ ಕೋಣೆಯ ಸುಳಿವೂ ಉಳಿಯುವುದಿಲ್ಲ. ಆದರೆ ಅದರೊಳಗೆ ಹೊಕ್ಕು ಬರದೆ ಆ ಉತ್ತರ ಸಿಗುವುದೂ ಇಲ್ಲ.

ಆದ್ದರಿಂದ, ಮೇಲ್ಕಂಡ ಕಾರಣಗಳಿಂದ, ಮತ್ತು ನಾಳೆ ಹಾಲ್ ಟಿಕೆಟ್ ಬದಲು ಬೀರುವನ್ನೇ ಹೊತ್ತು ಹೋಗಲು ಆಗದ ಕಾರಣ, ತಾವು ದಯಮಾಡಿ ಇದೆ ಎಂದು ಭಾವಿಸಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
ಹಿಂ.3ರ ಮೊಮ್ಮಗಳು

ಲಗತ್ತುಗಳು:
1) ಬೀರುವಿನ ಹಿಂಬದಿಯ ಚಿತ್ರ (ಮುಂಬದಿ ಲಭ್ಯವಿಲ್ಲ)
2) ಸೊನ್ನೆ, ಎರಡು ಪ್ರತಿ
3) ಮಾವನ ಹೆಬ್ಬೆರಳಿನ ಔಷಧ ಚೀಟಿ
4) ಕಥೆ (ಅಪೂರ್ಣ)

ಕಾರ್ಯದರ್ಶಿಗಳ ಷರಾ: ಸದರಿ ಕೋಣೆ ಇಲ್ಲ. ಇಲ್ಲದ ಕೋಣೆಗೆ ಅನುಮತಿ ಬೇಕಿಲ್ಲ. ಬೀಗದ ಕೈಯನ್ನು ಅರ್ಜಿಗೆ ಪಿನ್ ಮಾಡಿದೆ. ಮಧ್ಯಾಹ್ನ ಎರಡು ಗಂಟೆಯೊಳಗೆ ಹಿಂತಿರುಗಿಸತಕ್ಕದ್ದು.

ಅರ್ಜಿದಾರಳ ಅನುಪಾಲನಾ ವರದಿ, ಮಧ್ಯಾಹ್ನ 1.40: ಬೀರು ತಿರುಗಿದೆ. ಹಾಲ್ ಟಿಕೆಟ್ ನನ್ನ ಕೈಯಲ್ಲಿದೆ. ಅಜ್ಜಿ ಕನ್ನಡಕ ಹಾಕಿಕೊಂಡು, ನಿದ್ದೆ ಹೋಗದೆ, ರಾಜನ ಗಾಡಿಯನ್ನೂ ಹೀಗೇ ತಿರುಗಿಸಿ ನಾನು ಮುಗಿಸಿದ ಕಥೆಯನ್ನು ಕೊನೆಯವರೆಗೂ ಕೇಳಿ, “ಇಷ್ಟೇನಾ? ನಮ್ಮಜ್ಜಿಗೆ ಪಕ್ಕದ ಬಾಗಿಲು ಹೊಳೀಲಿಲ್ಲ ನೋಡು” ಎಂದಳು. ಬೀಗದ ಕೈ ವಾಪಸು ಲಗತ್ತಿಸಿದೆ. ಇಲ್ಲದ ಕೋಣೆಯಲ್ಲಿದ್ದ ದಿಂಬಿನ ಹರಿದ ಗಲೀಫನ್ನು ಅಜ್ಜಿ ಹೊಲಿದಿಟ್ಟಿದ್ದು, ತಾವು ಅದನ್ನು ತಮ್ಮದಲ್ಲವೆಂದು ಭಾವಿಸಿ, ಎರಡು ಗಂಟೆಯೊಳಗೆ ಪಡೆದುಕೊಳ್ಳಬೇಕಾಗಿ ಕೋರಿಕೆ.