ಟಪಾಲು ಹಂಚುವವರು ಸೈಕಲ್ ಸೀಟಿನ ಮೇಲೆ ಸುಖವಾಗಿ ಕೂರುವ ಬಗ್ಗೆ

ಸುತ್ತೋಲೆ ಸಂಖ್ಯೆ: ಟಪಾಲು/ಸೈಕಲ್/ಸೀಟು/ನೋವು/ಮುಂದುವರಿದ ಕಡತ

ವಿಷಯ: ಇಲಾಖೆ ಒದಗಿಸಿರುವ ಹೊಸ ಸೈಕಲ್ ಸೀಟು ಸುಖಕರವಾಗಿಲ್ಲವೆಂಬ ದೂರಿನ ಕುರಿತು.

ಉಲ್ಲೇಖ: (ಅ) ಗುಡ್ಡದ ಬಡಾವಣೆಗೆ ಟಪಾಲು ಹಂಚುವ ಹಿರಿಯ ನೌಕರರ ಮನವಿ. (ಆ) ಸದರಿಯವರ ನೆನಪೋಲೆ. (ಇ) ಸದರಿಯವರು ಅಧೀಕ್ಷಕರ ಕೊಠಡಿಯಲ್ಲಿ ಕುರ್ಚಿ ತೋರಿಸಿದರೂ ಕೂರದೆ ನಿಂತೇ ಇದ್ದದ್ದು.

ಸದರಿ ಹಿರಿಯ ನೌಕರರು (ಇನ್ನು ಮುಂದೆ ‘ಅರ್ಜಿದಾರರು’) ಹೊಸ ಸೀಟು ಉಜ್ಜಿ ಉಜ್ಜಿ ತಮಗೆ ತೊಡೆಸಂದಿಯಲ್ಲಿ ಹುಣ್ಣಾಗಿದೆಯೆಂದೂ, ಅದು ಮಾಯುವ ಮುನ್ನವೇ ಮರುದಿನದ ಸುತ್ತು ಬಂದು ನಿಲ್ಲುತ್ತದೆಯೆಂದೂ, ಹೀಗೇ ಆದರೆ ಸೈಕಲ್ ತುಳಿಯಲು ಅಯೋಗ್ಯರೆಂದು ತಮ್ಮನ್ನು ನೆಲಮಾಳಿಗೆಯ ಹಳೇ ಕಡತಗಳ ಕೋಣೆಗೆ ದೂಡುತ್ತಾರೆಂದೂ ಅಳಲು ತೋಡಿಕೊಂಡಿರುತ್ತಾರೆ. ಅವರ ಕೋರಿಕೆ ಇಷ್ಟೇ: ಮಾವನವರು ಕೊಟ್ಟ ಚರ್ಮದ ಸೀಟೊಂದು ಮನೆಯಲ್ಲಿದೆ, ಕೂತು ಕೂತು ಮೈಗೆ ಒಗ್ಗಿದೆ, ಅದನ್ನೇ ಹಾಕಿಕೊಳ್ಳಲು ಅನುಮತಿ ಬೇಕು. ಕೇಳಿದ ತಕ್ಷಣ ಒಪ್ಪಿಬಿಟ್ಟರೆ ಇಲಾಖೆಯಾದರೂ ಯಾಕಿರಬೇಕೆಂಬ ಪ್ರಶ್ನೆ ಉದ್ಭವಿಸುವುದರಿಂದ, ಸಮಿತಿಯೊಂದನ್ನು ರಚಿಸಲಾಯಿತು.

ಸಮಿತಿಯು ಪರಿಶೀಲಿಸಲಾಗಿ, ಹೊಸ ಸೀಟನ್ನು ಮಾಡಿಸುವ ಮುನ್ನ ಸಿಬ್ಬಂದಿಯ ಅಳತೆಯನ್ನು ಶಾಸ್ತ್ರೋಕ್ತವಾಗಿ ತೆಗೆದಿರುವುದು ದೃಢಪಟ್ಟಿದೆ. ಅಳತೆಯು ಕಚೇರಿ ವೇಳೆಯಲ್ಲಿ ನಡೆದಿದ್ದು, ಸೈಕಲ್ ತುಳಿಯುವವರೆಲ್ಲ ಆಗ ಟಪಾಲು ಹಂಚಲು ಹೋಗಿದ್ದರಿಂದ, ಕೂತಲ್ಲೇ ಲಭ್ಯವಿದ್ದ ಅಧೀಕ್ಷಕರು, ಹೆಡ್ ಗುಮಾಸ್ತರು ಹಾಗೂ ಬೆರಳಚ್ಚುಗಾರರ ಅಳತೆಯ ಸರಾಸರಿಯನ್ನು ಅಂಗೀಕರಿಸಲಾಗಿತ್ತು. ಅಧೀಕ್ಷಕರು ಸ್ವತಃ ಸೀಟಿನ ಮೇಲೆ, ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿಸಿ, ಫ್ಯಾನಿನ ಕೆಳಗೆ, ಚಹಾ ಮುಗಿಯುವವರೆಗೆ ಕುಳಿತು, ‘ಪರಮಸುಖ’ ಎಂದು ಬರೆದುಕೊಟ್ಟಿರುತ್ತಾರೆ. ‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ’ ಎಂದೂ ಕಡತದ ಅಂಚಿನಲ್ಲಿ ಷರಾ ಇರುತ್ತದೆ.

ಅರ್ಜಿದಾರರ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ: “ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಲ್ಲ ಸಾರ್. ತುಳಿಯೋನು ನಾನು, ಅಳತೆ ಕೊಟ್ಟೋರು ನೀವು.” ಇಲಾಖೆಯಲ್ಲಿ ಎತ್ತಾಗಲಿ ಎಮ್ಮೆಯಾಗಲಿ ಇಲ್ಲದಿರುವುದರಿಂದ, ಈ ಭಾಗವನ್ನು ಪಶುವೈದ್ಯ ಶಾಖೆಯ ಅಭಿಪ್ರಾಯಕ್ಕೆ ಕಳುಹಿಸಲಾಗಿದೆ.

ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಗಣಿಸಿ, ಸಂಬಂಧಪಟ್ಟ ಸಿಬ್ಬಂದಿಗೆ ಈ ಕೆಳಕಂಡಂತೆ ಆದೇಶಿಸಿದೆ:

೧. ಸೀಟು ಸುಖಕರವೆಂದು ಈಗಾಗಲೇ ತೀರ್ಮಾನವಾಗಿರುತ್ತದೆ. ಆದಾಗ್ಯೂ ನೋವು ಬಂದಲ್ಲಿ, ಅದನ್ನು ಬೇರೆ ಕಾರಣದ ನೋವೆಂದು ಭಾವಿಸತಕ್ಕದ್ದು.

೨. ಇಲಾಖೆಯ ಸೈಕಲ್ಲಿಗೆ ಸ್ವಂತ ಸೀಟು ಹಾಕುವಂತಿಲ್ಲ. ಹಾಕಿದಲ್ಲಿ ಕಾಲು ಸರ್ಕಾರಿ ಪೆಡಲ್ಲಿನ ಮೇಲೂ ಉಳಿದ ಶರೀರ ಖಾಸಗಿ ಸೀಟಿನ ಮೇಲೂ ಇದ್ದು, ನೌಕರರು ಕರ್ತವ್ಯದಲ್ಲಿದ್ದಾರೋ ಮಾವನ ಮನೆಯಲ್ಲಿದ್ದಾರೋ ಎಂಬುದನ್ನು ನಿರ್ಧರಿಸಲು ಹಾಜರಿ ವಿಭಾಗಕ್ಕೆ ತೊಂದರೆಯಾಗುತ್ತದೆ.

೩. ಏರಿನಲ್ಲಿ ಸೀಟು ಬಿಟ್ಟು ಎದ್ದು ತುಳಿಯುವುದನ್ನು ಸ್ಥಾನ ತೆರವು ಮಾಡಿದಂತೆ ಎಣಿಸಲಾಗುವುದು. ಏಳಬೇಕಾದವರು ಏರಿನ ಬುಡದಲ್ಲಿ ಅರ್ಜಿ ಬರೆದು, ಕಚೇರಿಗೆ ವಾಪಸು ಬಂದು ಮಂಜೂರಾತಿ ಪಡೆದು, ನಂತರ ಏಳತಕ್ಕದ್ದು.

೪. ಅರ್ಜಿದಾರರ ಪತ್ನಿ ಹಳೇ ಬಟ್ಟೆ ಮಡಿಸಿ ಹೊಲಿದುಕೊಟ್ಟಿದ್ದ ಮೆತ್ತೆಯಿಂದ ಸರ್ಕಾರಿ ವಾಹನದ ಎತ್ತರ ಅನಧಿಕೃತವಾಗಿ ಹೆಚ್ಚಿದ್ದು, ಮೆತ್ತೆಯನ್ನು ವಶಪಡಿಸಿಕೊಳ್ಳಲಾಗಿದೆ. ವಿಚಾರಣೆಗೆ ಕರೆಸಲಾಗಿ ಆಕೆ, “ರಾತ್ರಿ ಹುಣ್ಣಿಗೆ ಎಣ್ಣೆ ಹಚ್ಚೋಳು ನಾನು. ಹಲ್ಲು ಕಚ್ಕೊಂಡು ಮಲಗ್ತಾರೆ. ನಿಮ್ಮ ಸಮಿತೀಲಿ ನನ್ನೂ ಸೇರಿಸ್ಕೊಳ್ಳಿ” ಎಂದಿರುತ್ತಾರೆ. ಎಣ್ಣೆ ಹಚ್ಚುವವರ ಹುದ್ದೆ ಮಂಜೂರಾಗಿಲ್ಲದ ಕಾರಣ ಸದರಿ ಕೋರಿಕೆಯನ್ನು ತಿರಸ್ಕರಿಸಲಾಗಿದೆ.

೫. ಸೀಟಿನ ಅಳತೆಗೆ ಹೊಂದದ ಸಿಬ್ಬಂದಿ ಮುಂದಿನ ತಪಾಸಣೆಯೊಳಗೆ ಹೊಂದಿಕೊಳ್ಳತಕ್ಕದ್ದು.

೬. ಇತ್ತೀಚೆಗೆ ಅರ್ಜಿದಾರರು ಸೈಕಲ್ ಹತ್ತದೆ, ಹ್ಯಾಂಡಲ್ ಹಿಡಿದು ತಳ್ಳಿಕೊಂಡು, ಕಾಲು ಅಗಲಿಸಿ ನಡೆದೇ ಗುಡ್ಡದ ಬಡಾವಣೆಗೆ ಟಪಾಲು ಹಂಚುತ್ತಿರುವುದು ಗಮನಕ್ಕೆ ಬಂದಿದೆ. ಬೆಳಗಿನ ಕಾಗದ ದೀಪ ಹಚ್ಚುವ ಹೊತ್ತಿಗೆ ಬಂದರೂ ಬಡಾವಣೆಯವರು ಗೊಣಗದೆ, ನೀರು ಕೊಟ್ಟು ಜಗಲಿ ತೋರಿಸುತ್ತಾರಂತೆ, ಇವರು ಕೂರುವುದಿಲ್ಲವಂತೆ. ಕೇಳಲಾಗಿ ನೋವು ಸ್ವಲ್ಪ ಕಡಿಮೆಯೆಂದು ಒಪ್ಪಿರುತ್ತಾರೆ. ಹೊಸ ಸೀಟು ಬಂದ ನಂತರವೇ ನೋವು ಕಡಿಮೆಯಾಗಿರುವುದರಿಂದ, ಅದು ಸೀಟಿನ ಗುಣವೆಂದು ದಾಖಲಿಸಿ ಕಡತವನ್ನು ಮುಕ್ತಾಯಗೊಳಿಸಲಾಗಿದೆ.

ಸಹಿ/- (ಕುಳಿತಲ್ಲಿಂದಲೇ)
ಅಧೀಕ್ಷಕರು, ಟಪಾಲು ಶಾಖೆ

ಪ್ರತಿಗಳು:
ಸಮಿತಿಯ ಸದಸ್ಯರಿಗೆ, ಅವರವರ ಕುರ್ಚಿಗೇ.
ಪಶುವೈದ್ಯ ಶಾಖೆಗೆ, ಎಮ್ಮೆಯ ಮಟ್ಟಿಗೆ ಮಾತ್ರ.
ಅರ್ಜಿದಾರರ ಪತ್ನಿಗೆ, ಮೆತ್ತೆಯ ಸಮೇತ (ಹೊಲಿಗೆ ಬಿಚ್ಚಲಾಗಿದೆ).
ಗುಡ್ಡದ ಬಡಾವಣೆಯ ಪ್ರತಿ ಮನೆಗೆ, ಮಾಹಿತಿಗಾಗಿ.
ಅರ್ಜಿದಾರರಿಗೆ: ಮೇಲ್ಕಂಡ ಎಲ್ಲ ಪ್ರತಿಗಳನ್ನೂ ಇಂದೇ ತಲುಪಿಸತಕ್ಕದ್ದು. ತಳ್ಳಿಕೊಂಡು ಹೋದರೆ ಹೊತ್ತಾಗುವುದರಿಂದ, ಸೀಟಿನ ಮೇಲೆ ಕುಳಿತೇ ಹೋಗತಕ್ಕದ್ದು.